ಗೆದ್ದ ದಾವೆಯ ಋಣ



ಒಂದು ಮೊಕದ್ದಮೆಯಿಂದ ಮಾತು ಆರಂಭಿಸುತ್ತೇನೆ. ಇಸವಿ 1821. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸುಪ್ರೀಂ ಕೋರ್ಟು. ನ್ಯಾಯ ಕೇಳಿದವಳು ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಂಗಸು. ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಆಕೆ ಗುಲಾಮಳಾಗಿದ್ದಳು. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಕಾನೂನಿಗೆ ಸಮ್ಮತ. ಪೆನ್ಸಿಲ್ವೇನಿಯಾದಲ್ಲಿ ಮಾತ್ರ 1780ರಿಂದ ಅದನ್ನು ಹಂತಹಂತವಾಗಿ ತೆಗೆದುಹಾಕುವ ಕಾಯಿದೆ ಇತ್ತು. ಆ ಕಾಯಿದೆಯಲ್ಲಿ ಒಂದು ನಿಯಮ. ಹೊರ ರಾಜ್ಯದ ಒಡೆಯ ತನ್ನ ಗುಲಾಮರನ್ನು ಇಲ್ಲಿಗೆ ಕರೆತಂದು ಆರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ, ಅವರು ಸ್ವತಂತ್ರರು.

ಚಾರಿಟಿಯನ್ನು ಪೆನ್ಸಿಲ್ವೇನಿಯಾಕ್ಕೆ ಹಲವು ಸಲ ಕರೆತಂದಿದ್ದರು, ಹಲವು ಸಲ ವಾಪಸು ಒಯ್ದಿದ್ದರು. ಇಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳು ದಾಟುತ್ತದೆ, ಆದ್ದರಿಂದ ನಾನು ಸ್ವತಂತ್ರಳು ಎಂಬುದು ಆಕೆಯ ವಾದ. ಒಡೆಯನ ಪರವಾಗಿ ಒಬ್ಬ ತರುಣ ವಕೀಲ ಎದ್ದು ನಿಂತ. ಹೀಗೆ ಬಿಡಿ ದಿನಗಳನ್ನು ಕೂಡುವಂತಿಲ್ಲ, ಆರು ತಿಂಗಳು ಒಂದೇ ಸಮನೆ ಇದ್ದಿರಬೇಕು ಎಂದು ವಾದಿಸಿದ. ಕೋರ್ಟು ಒಪ್ಪಿತು. ಚಾರಿಟಿ ಸೋತಳು. ಆಕೆ ಗುಲಾಮಳಾಗಿಯೇ ಉಳಿದಳು. ಆಕೆಯ ಮಕ್ಕಳೂ ಉಳಿದರು.

ಗೆದ್ದ ಆ ವಕೀಲನ ಹೆಸರು ಥ್ಯಾಡಿಯಸ್ ಸ್ಟೀವನ್ಸ್. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಕೇಳುಗರೇ, ಇದಾಗಿ ನಲವತ್ತೈದು ವರ್ಷಗಳ ನಂತರ ಅಮೆರಿಕದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಕಾನೂನಿನ ರಕ್ಷಣೆ ಎಲ್ಲರಿಗೂ ಸಮಾನವಾಗಿರಬೇಕು ಎಂದು ಹೇಳುವ ತಿದ್ದುಪಡಿ ಅದು. ಅದನ್ನು ಕೆಳಮನೆಯಲ್ಲಿ ಮಂಡಿಸಿ, ವಾದಿಸಿ, ಗೆಲ್ಲಿಸಿಕೊಟ್ಟ ಮುದುಕರೂ ಇದೇ ಸ್ಟೀವನ್ಸ್. ಈ ಎರಡು ಘಟನೆಗಳ ನಡುವೆ ಒಬ್ಬ ಮನುಷ್ಯ ಕಾನೂನಿನಿಂದ ಏನು ಕಲಿತ, ಕಾನೂನನ್ನು ಏನು ಮಾಡಿದ ಎಂಬುದೇ ನನ್ನ ಇಂದಿನ ವಿಷಯ.

ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ಉತ್ತರದ ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ಹುಟ್ಟುವಾಗಲೇ ಒಂದು ಪಾದ ತಿರುಚಿಕೊಂಡಿತ್ತು. ಜೀವನವಿಡೀ ಕುಂಟುತ್ತಲೇ ನಡೆದರು. ನಾಲ್ಕು ಗಂಡುಮಕ್ಕಳನ್ನು ಹೆಂಡತಿಯ ಕೈಗೆ ಬಿಟ್ಟು ತಂದೆ ಮನೆ ತೊರೆದು ಹೋದ. ತಾಯಿ ಸಾರಾ ಎದೆಗುಂದಲಿಲ್ಲ. ಮಕ್ಕಳ ಓದಿಗಾಗಿಯೇ ಪೀಚಮ್ ಎಂಬ ಊರಿಗೆ ಸಂಸಾರ ಸಾಗಿಸಿದರು. ಅಲ್ಲಿ ಒಳ್ಳೆಯ ಶಾಲೆ ಇತ್ತು. ಮಗ ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಪಡೆದ. ಪೆನ್ಸಿಲ್ವೇನಿಯಾಕ್ಕೆ ಹೋಗಿ ಮೇಷ್ಟ್ರ ಕೆಲಸ ಮಾಡುತ್ತಲೇ ಕಾನೂನು ಓದಿದ. 1816ರಲ್ಲಿ ಗೆಟಿಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ವಕೀಲಿ ಆರಂಭಿಸಿದ. ಆ ಊರು ಮೇರಿಲ್ಯಾಂಡಿನ ಗಡಿಗೆ ಬಲು ಹತ್ತಿರ. ಗುಲಾಮರು ತಪ್ಪಿಸಿಕೊಂಡು ಬರುವ ದಾರಿ ಅದು. ಅವರನ್ನು ಹಿಡಿಯಲು ಬರುವವರ ದಾರಿಯೂ ಅದೇ.

ಚಾರಿಟಿ ಬಟ್ಲರ್ ಮೊಕದ್ದಮೆ ಅವರ ಕೈಗೆ ಬಂದದ್ದು ಈ ಊರಿನಲ್ಲಿ. ಅದಾಗಿ ಎರಡು ವರ್ಷಕ್ಕೆ, 1823ರ ಜುಲೈ ನಾಲ್ಕರಂದು, ದೇಶದ ಸ್ವಾತಂತ್ರ್ಯದ ಹಬ್ಬದ ಕೂಟದಲ್ಲಿ ಸ್ಟೀವನ್ಸ್ ಎದ್ದು ನಿಂತು ಒಂದು ಹಾರೈಕೆ ಹೇಳಿದರು. ಮುಂದೆ ಬರುವ ಅಧ್ಯಕ್ಷರು ಯಾವ ಮನುಷ್ಯನಿಗೂ ಸಂಕೋಲೆ ತೊಡಿಸದವರಾಗಿರಲಿ ಎಂಬುದು ಅದರ ತಾತ್ಪರ್ಯ. ಅಲ್ಲಿಂದ ಮುಂದೆ ಅವರು ತಪ್ಪಿಸಿಕೊಂಡು ಬಂದ ಗುಲಾಮರ ಪರವಾಗಿಯೇ ಕೋರ್ಟಿನಲ್ಲಿ ನಿಂತರು. ಆ ಎರಡು ವರ್ಷಗಳ ನಡುವೆ ಮನಸ್ಸಿನೊಳಗೆ ನಡೆದದ್ದೇನು? ನನಗೆ ತೋರುವುದು ಇದು. ಒಂದು ಕಾಯಿದೆಯ ಸಂದಿನಲ್ಲಿ ಒಬ್ಬ ತಾಯಿ ಮತ್ತು ಮಕ್ಕಳ ಬಾಳು ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ಆ ಸಂದು ಹುಡುಕಿದವರಷ್ಟು ಚೆನ್ನಾಗಿ ಬಲ್ಲವರು ಬೇರೊಬ್ಬರಿಲ್ಲ. ಮುಂದಿನ ಅವರ ಬದುಕನ್ನು ನಾನು ಆ ತಿಳಿವಳಿಕೆಯ ಬೆಳಕಿನಲ್ಲೇ ಓದುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಕೋರ್ಟಿನ ಸ್ಟೀವನ್ಸ್ ವಿಷಯ. ಇನ್ನು ಶಾಸನಸಭೆಯ ಸ್ಟೀವನ್ಸ್.

1833ರಲ್ಲಿ ಅವರು ರಾಜ್ಯದ ಶಾಸನಸಭೆಗೆ ಆರಿಸಿ ಬಂದರು. ಆಗ ಪೆನ್ಸಿಲ್ವೇನಿಯಾದಲ್ಲಿ ಬಡ ಮಕ್ಕಳಿಗೆ ಓದು ಪುಕ್ಕಟೆ ಸಿಗುತ್ತಿತ್ತು, ನಿಜ. ಆದರೆ ಅದಕ್ಕೊಂದು ಷರತ್ತು. ನಾವು ಫೀಜು ಕೊಡಲಾರದ ದರಿದ್ರರು ಎಂದು ತಂದೆತಾಯಿ ಸರಕಾರಿ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಎಷ್ಟೋ ಜನ ಈ ಅವಮಾನಕ್ಕೆ ಅಂಜಿ ಮಕ್ಕಳನ್ನು ಶಾಲೆಗೇ ಕಳಿಸುತ್ತಿರಲಿಲ್ಲ. 1834ರಲ್ಲಿ ಹೊಸ ಕಾಯಿದೆ ಬಂತು. ತೆರಿಗೆ ಎಲ್ಲರಿಂದ, ಶಾಲೆ ಎಲ್ಲರಿಗೆ. ತೆರಿಗೆ ಕೊಡಬೇಕಾದವರು ರೊಚ್ಚಿಗೆದ್ದರು. ಮರುವರ್ಷವೇ ಕಾಯಿದೆಯನ್ನು ರದ್ದು ಮಾಡಲು ಮೇಲ್ಮನೆ ಮತ ಹಾಕಿಬಿಟ್ಟಿತು. ಕೆಳಮನೆಯೂ ಅದೇ ದಾರಿ ಹಿಡಿಯುವಂತಿತ್ತು. 1835ರ ಏಪ್ರಿಲ್‌ನಲ್ಲಿ ಸ್ಟೀವನ್ಸ್ ಅಲ್ಲಿ ಮಾತಾಡಿದರು. ಬಡವರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆಯುವುದು ಬಡತನಕ್ಕೆ ಬರೆ ಹಾಕಿದಂತೆ ಎಂಬುದು ಅವರ ವಾದದ ಸಾರ. ಭಾಷಣ ಮುಗಿದ ಮೇಲೆ ಸಭೆಯ ಮನಸ್ಸು ತಿರುಗಿತು. ಸಾರ್ವಜನಿಕ ಶಾಲೆಗಳು ಉಳಿದವು. ತಮ್ಮ ಜೀವಮಾನದ ಕೆಲಸಗಳಲ್ಲಿ ಸ್ಟೀವನ್ಸ್ ಬಹುವಾಗಿ ಹೆಮ್ಮೆಪಟ್ಟದ್ದು ಇದಕ್ಕೆ. ಮಕ್ಕಳ ಓದಿಗಾಗಿ ಊರು ಬಿಟ್ಟ ತಾಯಿಯ ಮಗ ಅಲ್ಲವೇ?

ಎರಡು ವರ್ಷ ಕಳೆಯಿತು. ರಾಜ್ಯದ ಸಂವಿಧಾನವನ್ನು ತಿದ್ದಿ ಬರೆಯಲು ಒಂದು ಸಭೆ ಸೇರಿತು. ಸ್ಟೀವನ್ಸ್ ಅದರ ಸದಸ್ಯರು. ಮತದಾನದ ಹಕ್ಕಿನ ಕಲಮಿಗೆ ಅಲ್ಲಿ ಒಂದೇ ಒಂದು ಮಾತು ಸೇರಿಸಿದರು. ಮತದಾರ ಬಿಳಿಯನಾಗಿರಬೇಕು. ಸ್ಟೀವನ್ಸ್ ಆ ಸಂವಿಧಾನಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಶಾಲೆಯ ಕಾಯಿದೆಯಲ್ಲಿ ಬಡವರ ಪಟ್ಟಿಯನ್ನು ಅಳಿಸಿದ್ದಾಯಿತು, ಸಂವಿಧಾನದಲ್ಲಿ ಬಣ್ಣದ ಮಾತನ್ನು ಅಳಿಸಲು ಆಗಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

1842ರಲ್ಲಿ ಸ್ಟೀವನ್ಸ್ ಲ್ಯಾಂಕಾಸ್ಟರ್ ಎಂಬ ದೊಡ್ಡ ಊರಿಗೆ ಬಂದರು. ಬಂದದ್ದು ಸಾಲದ ಹೊರೆ ಹೊತ್ತುಕೊಂಡು. ಕಬ್ಬಿಣದ ಕುಲುಮೆಗಳನ್ನು ನಡೆಸಲು ಹೋಗಿ ಸುಮಾರು ಎರಡು ಲಕ್ಷ ಡಾಲರ್ ಸಾಲವಾಗಿತ್ತು. ವಕೀಲಿಯಿಂದ ಬಂದ ಹಣದಲ್ಲಿ ಅದನ್ನು ತೀರಿಸುತ್ತ ಬಂದರು. ಅವರು ಮದುವೆಯಾಗಲಿಲ್ಲ. ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರವರ್ಣದ ವಿಧವೆ ಅವರ ಮನೆಯ ಆಡಳಿತವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನೋಡಿಕೊಂಡರು. ಬಿಳಿಯರು ಕಪ್ಪು ಹೆಂಗಸರನ್ನು ಬರೀ ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಸ್ಟೀವನ್ಸ್ ಅವರನ್ನು ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದರು. ಇದರ ಬಗ್ಗೆ ಊರು ಏನೇನೋ ಆಡಿಕೊಂಡಿತು. ಪತ್ರಿಕೆಗಳೂ ಬರೆದವು. ಇಬ್ಬರೂ ತಲೆಕೆಡಿಸಿಕೊಳ್ಳಲಿಲ್ಲ. ಲಿಡಿಯಾ ಸ್ಮಿತ್ ಸ್ವಂತ ದುಡಿಮೆಯಿಂದ ಮನೆ, ನಿವೇಶನ ಕೊಂಡ ಜಾಣೆ. ಅವರ ಬಗ್ಗೆ ಬೇರೆಯದೇ ಒಂದು ಭಾಷಣ ಬೇಕು.

ಲ್ಯಾಂಕಾಸ್ಟರಿನ ಆ ಮನೆಯ ಹಿತ್ತಲನ್ನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅಗೆದು ನೋಡಿದರು. ನೆಲದಡಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ ನೀರಿನ ತೊಟ್ಟಿ ಸಿಕ್ಕಿತು. ತಪ್ಪಿಸಿಕೊಂಡು ಬಂದ ಗುಲಾಮರನ್ನು ಅಡಗಿಸಲು ಅದನ್ನು ಬಳಸಿದ್ದಿರಬೇಕು ಎಂದು ಅಗೆದ ತಜ್ಞರು ನಂಬುತ್ತಾರೆ.

ಹೀಗೆ ಅಡಗಿಸುವುದು ಅಪರಾಧವಾಗಿತ್ತೇ ಎಂದು ನೀವು ಕೇಳಬಹುದು. ಹೌದು. 1850ರಲ್ಲಿ ರಾಷ್ಟ್ರದ ಸಂಸತ್ತು ಕಠಿಣವಾದ ಒಂದು ಕಾಯಿದೆ ಮಾಡಿತು. ತಪ್ಪಿಸಿಕೊಂಡ ಗುಲಾಮ ಯಾವ ರಾಜ್ಯದಲ್ಲಿದ್ದರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು. ಹಿಡಿಯುವ ಅಧಿಕಾರಿ ಕರೆದರೆ ಊರಿನ ಸಾಮಾನ್ಯ ಜನರೂ ನೆರವಿಗೆ ಹೋಗಬೇಕು. ಆಗ ಸ್ಟೀವನ್ಸ್ ಲ್ಯಾಂಕಾಸ್ಟರಿನ ಪ್ರತಿನಿಧಿಯಾಗಿ ಆ ಸಂಸತ್ತಿನಲ್ಲೇ ಇದ್ದರು. ವಿರೋಧಿಸಿದರು. ಫಲವಿಲ್ಲ.

ಮರುವರ್ಷ, ಲ್ಯಾಂಕಾಸ್ಟರಿಗೆ ಸಮೀಪದ ಕ್ರಿಸ್ಟಿಯಾನಾ ಎಂಬ ಹಳ್ಳಿ. ಮೇರಿಲ್ಯಾಂಡಿನ ಎಡ್ವರ್ಡ್ ಗೋರ್ಸಚ್ ಎಂಬ ಒಡೆಯ ತನ್ನ ಗುಲಾಮರನ್ನು ಹಿಡಿಯಲು ಸರಕಾರಿ ಅಧಿಕಾರಿಯೊಡನೆ ಅಲ್ಲಿಗೆ ಬಂದ. ಹಳ್ಳಿಯ ಕಪ್ಪು ಜನ ಗುಂಪುಕಟ್ಟಿ ಎದುರಿಸಿದರು. ಗುಂಡು ಹಾರಿತು. ಒಡೆಯ ಸತ್ತ. ಅಲ್ಲಿಗೆ ಬಂದಿದ್ದ ಕ್ಯಾಸ್ಟ್ನರ್ ಹ್ಯಾನ್‌ವೇ ಎಂಬ ಬಿಳಿಯ ಹಿಟ್ಟಿನ ಗಿರಣಿಯವ ಅಧಿಕಾರಿಗೆ ನೆರವಾಗಲು ಒಪ್ಪಲಿಲ್ಲ. ಸರಕಾರ ಸುಮಾರು ನಲವತ್ತು ಜನರ ಮೇಲೆ ದೇಶದ್ರೋಹದ ಆರೋಪ ಹೊರಿಸಿತು. ಗಮನಿಸಿ, ಕೊಲೆಯ ಆರೋಪವಲ್ಲ, ದೇಶದ್ರೋಹದ ಆರೋಪ. ಮೊದಲು ವಿಚಾರಣೆಗೆ ನಿಂತದ್ದು ಗಿರಣಿಯವ. ವಿಚಾರಣೆ ನಡೆದದ್ದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ. ಎಲ್ಲ ಮನುಷ್ಯರೂ ಸಮಾನರು ಎಂಬ ಘೋಷಣೆಯನ್ನು 1776ರಲ್ಲಿ ಅಂಗೀಕರಿಸಿದ ಕಟ್ಟಡ ಅದೇ. ಆರೋಪಿಯ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಜ್ಯೂರಿ ಕಾಲು ಗಂಟೆಯಲ್ಲಿ ಮರಳಿ ಬಂದು ನಿರ್ದೋಷಿ ಎಂದಿತು. ಉಳಿದವರ ಮೇಲಿನ ದೇಶದ್ರೋಹದ ಆರೋಪವೂ ಬಿದ್ದುಹೋಯಿತು.

ಆದರೆ ಕೇಳುಗರೇ, ಒಂದೊಂದು ಮೊಕದ್ದಮೆ ಗೆದ್ದರೆ ಸಾಕೇ? 1857ರಲ್ಲಿ ರಾಷ್ಟ್ರದ ಸುಪ್ರೀಂ ಕೋರ್ಟು ಡ್ರೆಡ್ ಸ್ಕಾಟ್ ಎಂಬ ಗುಲಾಮನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ ಎಂದಿತು. ಸಂವಿಧಾನವನ್ನೇ ಬದಲಿಸದೆ ಗತಿಯಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು.

ಯುದ್ಧದ ಕಥೆಯನ್ನು ನಾನು ಬೇಗ ದಾಟುತ್ತೇನೆ. ಅದು ನಿಮಗೆ ಗೊತ್ತಿರುವುದೇ. 1860-61ರಲ್ಲಿ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದವು. ನಾಲ್ಕು ವರ್ಷ ಅಂತರ್ಯುದ್ಧ ನಡೆಯಿತು. ಯುದ್ಧದ ಖರ್ಚಿಗೆ ಹಣ ಒದಗಿಸುವ ಸಂಸತ್ ಸಮಿತಿಯ ಅಧ್ಯಕ್ಷರಾಗಿದ್ದವರು ಸ್ಟೀವನ್ಸ್. ಗುಲಾಮರನ್ನು ಬಿಡುಗಡೆ ಮಾಡಿ, ಅವರ ಕೈಗೆ ಆಯುಧ ಕೊಡಿ ಎಂದು ಅವರು ಅಧ್ಯಕ್ಷ ಲಿಂಕನ್ನರನ್ನು ಮೊದಲಿನಿಂದ ಒತ್ತಾಯಿಸುತ್ತಿದ್ದರು. 1863ರ ಜೂನ್‌ನಲ್ಲಿ, ಗೆಟಿಸ್‌ಬರ್ಗ್ ಕದನಕ್ಕೆ ಕೆಲವೇ ದಿನ ಮೊದಲು, ದಕ್ಷಿಣದ ಸೇನಾನಿ ಜುಬಾಲ್ ಅರ್ಲಿ ಸ್ಟೀವನ್ಸರ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟು ಬೂದಿ ಮಾಡಿಸಿದರು. ತಾವು ಬೆಳೆದ ಜಿಲ್ಲೆಯ ನೆನಪಿಗೆ ಸ್ಟೀವನ್ಸ್ ಅದಕ್ಕೆ ಕ್ಯಾಲೆಡೋನಿಯಾ ಎಂದು ಹೆಸರಿಟ್ಟಿದ್ದರು. ಸುದ್ದಿ ಕೇಳಿ ಅವರು ಬರೆದ ಪತ್ರದ ಭಾವ ಇದು. ಗುಲಾಮಗಿರಿಯ ಗುರುತೂ ಉಳಿಯದಂತೆ ದೇಶ ಮತ್ತೆ ಒಂದಾದರೆ ಈ ನಷ್ಟ ಅಗ್ಗದ ಬೆಲೆ.

ಇಷ್ಟಕ್ಕೆ ಯುದ್ಧ ಮುಗಿಯಿತು ಎಂದಿಟ್ಟುಕೊಳ್ಳಿ. 1865. ಹದಿಮೂರನೆಯ ತಿದ್ದುಪಡಿಯಿಂದ ಗುಲಾಮಗಿರಿ ಹೋಯಿತು. ಸುಮಾರು ನಲವತ್ತು ಲಕ್ಷ ಜನ ಬಿಡುಗಡೆಯಾದರು. ಲಿಂಕನ್ ಕೊಲೆಯಾದರು. ಉಪಾಧ್ಯಕ್ಷರಾಗಿದ್ದ ಆಂಡ್ರೂ ಜಾನ್ಸನ್ ಅಧ್ಯಕ್ಷರಾದರು. ನನ್ನ ಮಾತಿನ ಮುಖ್ಯ ಭಾಗ ಇನ್ನು ಬರುವುದು.

ಜಾನ್ಸನ್ ದಕ್ಷಿಣದವರು. ಸೋತ ರಾಜ್ಯಗಳನ್ನು ಸುಲಭ ಷರತ್ತಿನ ಮೇಲೆ ಹಿಂದಕ್ಕೆ ಸೇರಿಸಿಕೊಳ್ಳಲು ಹೊರಟರು. ಆ ರಾಜ್ಯಗಳು ಕೂಡಲೇ ಹೊಸ ಕಾಯಿದೆಗಳನ್ನು ಮಾಡಿದವು. ಕಪ್ಪು ಮನುಷ್ಯನ ಹತ್ತಿರ ಕೂಲಿಯ ಕರಾರು ಪತ್ರ ಇಲ್ಲದಿದ್ದರೆ ಅವನು ಅಲೆಮಾರಿ. ಅಲೆಮಾರಿಗೆ ದಂಡ. ದಂಡ ಕಟ್ಟಲಾಗದಿದ್ದರೆ ಅವನನ್ನು ಒಬ್ಬ ಯಜಮಾನನಿಗೆ ದುಡಿಮೆಗೆ ಒಪ್ಪಿಸುವುದು. ಗುಲಾಮಗಿರಿ ಎಂಬ ಹೆಸರಿಲ್ಲ. ಉಳಿದದ್ದೆಲ್ಲ ಅದೇ. ಕಾನೂನಿನ ಸಂದುಗಳಲ್ಲಿ ಮನುಷ್ಯರನ್ನು ಮತ್ತೆ ಕಟ್ಟಿಹಾಕುವುದು ಹೇಗೆ ಎಂದು ಅಲ್ಲಿನ ಜಾಣ ವಕೀಲರು ಆಗಲೇ ಕಂಡುಕೊಂಡಿದ್ದರು.

1865ರ ಡಿಸೆಂಬರ್ 4. ಸಂಸತ್ತಿನ ಮೊದಲ ದಿನ. ದಕ್ಷಿಣದಿಂದ ಹೊಸದಾಗಿ ಆರಿಸಿ ಬಂದವರು ಸಭಾಂಗಣದಲ್ಲಿ ಬಂದು ಕೂತಿದ್ದಾರೆ. ಅವರಲ್ಲಿ ನಿನ್ನೆಯವರೆಗೆ ಒಕ್ಕೂಟದ ವಿರುದ್ಧ ದಂಡು ನಡೆಸಿದವರೂ ಇದ್ದಾರೆ. ಸಭೆಯ ಗುಮಾಸ್ತ ಎಡ್ವರ್ಡ್ ಮೆಕ್‌ಫರ್ಸನ್ ಹಾಜರಿ ಕೂಗಲು ನಿಂತರು. ಅವರು ಗೆಟಿಸ್‌ಬರ್ಗಿನವರು, ಸ್ಟೀವನ್ಸರ ಶಿಷ್ಯರೇ. ಒಂದೊಂದೇ ರಾಜ್ಯದ ಹೆಸರುಗಳು ಬಂದವು. ಟೆನೆಸೀ ರಾಜ್ಯದ ಸರದಿ ಬಂತು. ಮೆಕ್‌ಫರ್ಸನ್ ಆ ಹೆಸರುಗಳನ್ನು ಬಿಟ್ಟು ಮುಂದಕ್ಕೆ ಹೋದರು. ಹೊರೇಸ್ ಮೇನಾರ್ಡ್ ಎಂಬ ಸದಸ್ಯರು ಎದ್ದು ಮಾತಾಡಲು ನೋಡಿದರು. ಯುದ್ಧದುದ್ದಕ್ಕೂ ಒಕ್ಕೂಟಕ್ಕೆ ನಿಷ್ಠರಾಗಿದ್ದವರು ಅವರು. ಹಾಜರಿಯಲ್ಲಿ ಹೆಸರಿಲ್ಲದವರಿಗೆ ಮಾತಾಡುವ ಹಕ್ಕಿಲ್ಲ ಎಂದು ಗುಮಾಸ್ತರು ಅವರನ್ನೂ ಕೂರಿಸಿದರು. ದಕ್ಷಿಣದ ಒಂದು ಹೆಸರೂ ಕೇಳಿಬರಲಿಲ್ಲ. ಈ ಏರ್ಪಾಡಿನ ಹಿಂದೆ ಇದ್ದವರು ಸ್ಟೀವನ್ಸ್. ಹೊಸ ಷರತ್ತುಗಳನ್ನು ಬರೆಯುವವರೆಗೆ ಬಾಗಿಲು ತೆರೆಯಬಾರದು ಎಂಬುದು ಅವರ ಲೆಕ್ಕ. ಇದು ಕಠೋರ ನಡೆ ಎಂದವರಿದ್ದಾರೆ. ಅಂದು ಆ ಬಾಗಿಲು ತೆರೆದಿದ್ದರೆ ಹದಿನಾಲ್ಕನೆಯ ತಿದ್ದುಪಡಿ ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಷರತ್ತು ಬರೆಯಲು ಹದಿನೈದು ಜನರ ಸಮಿತಿ ಕೂತಿತು. ತಿದ್ದುಪಡಿಯ ಮೊದಲ ಕಲಮಿನ ಮಾತುಗಳನ್ನು ಬಹುಪಾಲು ಬರೆದವರು ಓಹಿಯೋದ ಜಾನ್ ಬಿಂಗ್‌ಹ್ಯಾಮ್. ಅವರೂ ವಕೀಲರೇ. ಈ ನೆಲದಲ್ಲಿ ಹುಟ್ಟಿದವರು ಈ ದೇಶದ ಪ್ರಜೆಗಳು. ಕ್ರಮಬದ್ಧ ನ್ಯಾಯವಿಲ್ಲದೆ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಯನ್ನೂ ಯಾವ ರಾಜ್ಯವೂ ಕಸಿಯುವಂತಿಲ್ಲ. ಕಾನೂನಿನ ಸಮಾನ ರಕ್ಷಣೆಯನ್ನು ಯಾರಿಗೂ ನಿರಾಕರಿಸುವಂತಿಲ್ಲ. ಅದರ ಸಾರ ಇಷ್ಟು. 1866ರ ಮೇ ತಿಂಗಳಲ್ಲಿ ಇದನ್ನು ಸದನಕ್ಕೆ ವಿವರಿಸುವಾಗ ಸ್ಟೀವನ್ಸ್ ಬಹಳ ಸರಳವಾಗಿ ಹೇಳಿದರು. ಬಿಳಿಯನನ್ನು ಶಿಕ್ಷಿಸುವ ಕಾನೂನು ಕಪ್ಪು ಮನುಷ್ಯನನ್ನೂ ಅಷ್ಟೇ ಶಿಕ್ಷಿಸಲಿ. ಬಿಳಿಯನನ್ನು ಕಾಯುವ ಕಾನೂನು ಕಪ್ಪು ಮನುಷ್ಯನನ್ನೂ ಅಷ್ಟೇ ಕಾಯಲಿ.

ಅವರು ಬಯಸಿದ್ದು ಇದಕ್ಕಿಂತ ಬಹಳ ಹೆಚ್ಚು. ತಿದ್ದುಪಡಿ ಕಪ್ಪು ಜನರಿಗೆ ಮತದಾನದ ಹಕ್ಕನ್ನು ನೇರವಾಗಿ ಕೊಡಲಿಲ್ಲ. ಜೂನ್‌ನಲ್ಲಿ ಕೊನೆಯ ಮತಕ್ಕೆ ಹಾಕುವ ಮುನ್ನ ಅವರು ತಮ್ಮ ನಿರಾಶೆಯನ್ನು ಮುಚ್ಚಿಡಲಿಲ್ಲ. ಹಳೆಯ ಮನೆಯನ್ನು ಬುಡದಿಂದ ಹೊಸದಾಗಿ ಕಟ್ಟುವ ಕನಸು ಕಂಡಿದ್ದೆ, ಈಗ ತೀರ ಹಾಳಾದ ಕಡೆ ತೇಪೆ ಹಾಕಿ ಸುಮ್ಮನಾಗಬೇಕಾಗಿದೆ ಎಂದರು. ಹಾಗಾದರೆ ಇದನ್ನು ಒಪ್ಪುವುದೇಕೆ? ನಾನು ಬದುಕುತ್ತಿರುವುದು ದೇವತೆಗಳ ನಡುವೆ ಅಲ್ಲ, ಮನುಷ್ಯರ ನಡುವೆ ಎಂದರು. 120 ಮತ ಪರವಾಗಿ ಬಂದವು. ವಿರೋಧವಾಗಿ 32. ಹಟಮಾರಿ ಎಂದು ಅವರನ್ನು ಜರಿದವರು ಈ ಮಾತನ್ನು ಮರೆಯುತ್ತಾರೆ. ಪೂರ್ತಿ ಕನಸು ಕಂಡೂ ಅರ್ಧವನ್ನು ಪಡೆದುಕೊಂಡು ಉಳಿದರ್ಧಕ್ಕೆ ಮರುದಿನವೇ ಕೆಲಸಕ್ಕೆ ಇಳಿದವರನ್ನು ನಾನು ಹಟಮಾರಿ ಎನ್ನಲಾರೆ.

ಪ್ರಜೆ ಎಂಬ ಸ್ಥಾನ ಬಂತು, ಸಮಾನ ರಕ್ಷಣೆಯ ಮಾತು ಬಂತು. ಉಳಿದರ್ಧ ಯಾವುದು? ಭೂಮಿ.

ಇದನ್ನು ಸ್ಟೀವನ್ಸ್ 1865ರ ಸೆಪ್ಟೆಂಬರ್‌ನಲ್ಲೇ ಲ್ಯಾಂಕಾಸ್ಟರಿನ ಸಭೆಯಲ್ಲಿ ಹೇಳಿದ್ದರು. ದಕ್ಷಿಣದಲ್ಲಿ ದಂಗೆಗೆ ನಿಂತ ದೊಡ್ಡ ಜಮೀನ್ದಾರರು ಸುಮಾರು ಎಪ್ಪತ್ತು ಸಾವಿರ ಎಂದು ಅವರ ಅಂದಾಜು. ಅವರ ಕೈಯಲ್ಲಿರುವ ಭೂಮಿ ಸುಮಾರು ನಲವತ್ತು ಕೋಟಿ ಎಕರೆ. ಅದನ್ನು ಸರಕಾರ ವಶಪಡಿಸಿಕೊಳ್ಳಲಿ. ಬಿಡುಗಡೆಯಾದ ಪ್ರತಿಯೊಬ್ಬ ವಯಸ್ಕ ಗಂಡಸಿಗೆ ನಲವತ್ತು ಎಕರೆ ಕೊಡಲಿ. ಅದಕ್ಕೆ ಸುಮಾರು ನಾಲ್ಕು ಕೋಟಿ ಎಕರೆ ಸಾಕು. ಉಳಿದದ್ದನ್ನು ಮಾರಿ ಯುದ್ಧದ ಸಾಲ ತೀರಿಸಲಿ, ಸೈನಿಕರಿಗೆ ಪಿಂಚಣಿ ಕೊಡಲಿ. ತಲೆಮಾರುಗಳ ಕಾಲ ದುಡಿದವನಿಗೆ ಕಾಲೂರಲು ತುಂಡು ಭೂಮಿ ಇಲ್ಲದೆ ಬರಿಯ ಹಕ್ಕು ಕೊಟ್ಟರೆ, ಅವನು ಅದೇ ಒಡೆಯನ ಹೊಲಕ್ಕೆ ಹಿಂದಿರುಗಬೇಕು. ಇದು ಅವರ ತರ್ಕ. 1867ರಲ್ಲಿ ಮಸೂದೆ ತಂದರು. ಸ್ವಂತ ಪಕ್ಷದವರೇ ಹಿಂದೆ ಸರಿದರು. ಆಸ್ತಿಯ ಮಾತು ಬಂದಾಗ ಉತ್ತರದ ಧನಿಕರಿಗೂ ಎದೆ ನಡುಗಿತು. ಮಸೂದೆ ಬಿದ್ದುಹೋಯಿತು. ಮುಂದಿನ ದಶಕಗಳಲ್ಲಿ ದಕ್ಷಿಣದ ಕಪ್ಪು ರೈತರು ಪಾಲಿಗೆ ಗೇಯುತ್ತ, ಸಾಲದಲ್ಲಿ ಮುಳುಗುತ್ತ ಕಳೆದ ಬಾಳನ್ನು ನೋಡಿದರೆ, ಅಂದು ನಡೆದದ್ದು ಎಂಥ ಅನ್ಯಾಯ ಎಂದು ತಿಳಿಯುತ್ತದೆ. ಉಳುವವನಿಗೆ ನೆಲ ಎಂಬ ಹೋರಾಟ ಕಂಡ ನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕೊನೆಯ ಹೋರಾಟ ಅಧ್ಯಕ್ಷ ಜಾನ್ಸನ್ ವಿರುದ್ಧ. 1868ರಲ್ಲಿ ಕೆಳಮನೆ ಅವರ ಮೇಲೆ ದೋಷಾರೋಪ ಹೊರಿಸಿತು. ಸ್ಟೀವನ್ಸ್ ಆಗ ಎಪ್ಪತ್ತೈದು ದಾಟಿದ್ದರು. ನಡೆಯುವ ಶಕ್ತಿ ಇರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಅವರನ್ನು ಮೇಲ್ಮನೆಗೆ ಹೊತ್ತು ತರುತ್ತಿದ್ದರು. ಜಾನ್ಸನ್ ಒಂದೇ ಒಂದು ಮತದಿಂದ ಪಾರಾದರು. ಬೇಸಿಗೆಯಲ್ಲಿ ಹದಿನಾಲ್ಕನೆಯ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಬಂತು. ಅದಾಗಿ ಸುಮಾರು ಒಂದು ತಿಂಗಳಿಗೆ, ಆಗಸ್ಟ್ 11ರ ನಡುರಾತ್ರಿ, ಸ್ಟೀವನ್ಸ್ ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಲಿಡಿಯಾ ಸ್ಮಿತ್ ಹಾಸಿಗೆಯ ಬಳಿ ಇದ್ದರು. ಲ್ಯಾಂಕಾಸ್ಟರಿನ ಪಕ್ಷದವರು ತೀರಿಕೊಂಡ ಅವರ ಹೆಸರನ್ನೇ ಮತ್ತೆ ಅಭ್ಯರ್ಥಿಯಾಗಿ ಸೂಚಿಸಿ ಗೌರವ ಸಲ್ಲಿಸಿದರು.

ಆಮೇಲಿನ ಕಾಲ ಅವರಿಗೆ ಒಳ್ಳೆಯದಾಗಿರಲಿಲ್ಲ. 1877ರ ಹೊತ್ತಿಗೆ ಉತ್ತರದವರು ಕಪ್ಪು ಜನರ ಕೈಬಿಟ್ಟರು. 1896ರಲ್ಲಿ ಸುಪ್ರೀಂ ಕೋರ್ಟು ಬೇರೆ ಬೇರೆ ಕೂರಿಸುವುದೂ ಸಮಾನತೆಯೇ ಎಂದು ಹೇಳಿ ತಿದ್ದುಪಡಿಯ ಸತ್ವ ಹಿಂಡಿಬಿಟ್ಟಿತು. 1915ರ ಒಂದು ಪ್ರಸಿದ್ಧ ಮೂಕಿ ಚಿತ್ರದಲ್ಲಿ ಸ್ಟೀವನ್ಸರನ್ನು ಹೋಲುವ ಪಾತ್ರವನ್ನು ಕೇಡಿಗನಂತೆ ತೋರಿಸಿದರು. ಕೋಟ್ಯಂತರ ಜನ ಅದನ್ನೇ ಚರಿತ್ರೆ ಎಂದು ನಂಬಿದರು. 1935ರಲ್ಲಿ ಕಪ್ಪು ವಿದ್ವಾಂಸ ಡು ಬಾಯ್ಸ್ ಆ ಕಾಲದ ಚರಿತ್ರೆಯನ್ನು ಮೊದಲಿನಿಂದ ಬರೆದು ಸುಳ್ಳನ್ನು ಪ್ರಶ್ನಿಸಿದರು. 1954ರಲ್ಲಿ ಅದೇ ಸುಪ್ರೀಂ ಕೋರ್ಟು ಅದೇ ತಿದ್ದುಪಡಿಯನ್ನು ಹಿಡಿದು, ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಶಾಲೆ ಕೂಡದು ಎಂದಿತು. ಅಷ್ಟರಲ್ಲಿ ಕಾನೂನಿನ ಸಮಾನ ರಕ್ಷಣೆ ಎಂಬ ಆ ಮಾತು ಸಮುದ್ರ ದಾಟಿ ನಮ್ಮ ಸಂವಿಧಾನಕ್ಕೂ ಬಂದಿತ್ತು. ನಮ್ಮಲ್ಲೂ ಅದು ಇರುವುದು ಹದಿನಾಲ್ಕನೆಯ ವಿಧಿಯಲ್ಲೇ.

ಸಮಯ ಮುಗಿಯುತ್ತ ಬಂತು. ಸ್ಟೀವನ್ಸ್ ಬರೆದ ಇನ್ನೂ ಎರಡು ಲಿಖಿತಗಳ ಬಗ್ಗೆ ಹೇಳಿಬಿಡುತ್ತೇನೆ. ಒಂದು ಸಮಾಧಿಯ ಕಲ್ಲಿನ ಮೇಲಿದೆ. ಲ್ಯಾಂಕಾಸ್ಟರಿನ ಬೇರೆ ಸ್ಮಶಾನಗಳ ನಿಯಮದಲ್ಲಿ ಜನಾಂಗದ ನಿರ್ಬಂಧವಿತ್ತು. ಅದಕ್ಕಾಗಿಯೇ ಅವರು ಎಲ್ಲರಿಗೂ ಜಾಗ ಕೊಡುವ ಒಂದು ಚಿಕ್ಕ ಸ್ಮಶಾನವನ್ನು ಆರಿಸಿಕೊಂಡರು. ಕಾರಣವನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಬದುಕಿನುದ್ದಕ್ಕೂ ಸಾರಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲು ಇಲ್ಲಿ ಮಲಗಿದ್ದೇನೆ ಎಂಬ ಅರ್ಥ ಬರುವ ಬರಹ ಅದು.

ಇನ್ನೊಂದು ಅವರ ಉಯಿಲು. ಅದರಲ್ಲಿ ಲ್ಯಾಂಕಾಸ್ಟರಿನ ಒಂದು ಅನಾಥಾಲಯದ ಪ್ರಸ್ತಾಪವಿದೆ. ನುರಿತ ವಕೀಲರು ಬರೆದ ಉಯಿಲು ಎಂಬುದು ಓದಿದರೆ ಗೊತ್ತಾಗುತ್ತದೆ. ಯಾರಿಗೂ ಸಂದು ಸಿಗಬಾರದು ಎಂದು ಒಂದೊಂದನ್ನೂ ಹೆಸರಿಸಿ ಬರೆದಿದ್ದಾರೆ. ಸೇರಿಸಿಕೊಳ್ಳುವಾಗ ಬಣ್ಣ ನೋಡಬಾರದು. ಬಡ ಜರ್ಮನರನ್ನು, ಐರಿಷರನ್ನು, ಮುಸಲ್ಮಾನರನ್ನು, ಇನ್ನಾರನ್ನೂ ತಂದೆತಾಯಿಯ ಜನಾಂಗ, ಧರ್ಮದ ಕಾರಣಕ್ಕೆ ಹೊರಗಿಡಬಾರದು. ಎಲ್ಲ ಮಕ್ಕಳೂ ಒಂದೇ ತರಗತಿಯಲ್ಲಿ ಓದಬೇಕು. ಎಲ್ಲರಿಗೂ ಒಂದೇ ಮೇಜಿನಲ್ಲಿ ಊಟ ಬಡಿಸಬೇಕು. ಆಸ್ತಿಯ ತಕರಾರುಗಳೆಲ್ಲ ಮುಗಿದು 1905ರಲ್ಲಿ ಅಲ್ಲಿ ಒಂದು ಕೈಗಾರಿಕಾ ಶಾಲೆ ಆರಂಭವಾಯಿತು. ಈಗ ಅದು ಅವರ ಹೆಸರಿನ ತಾಂತ್ರಿಕ ಕಾಲೇಜು. ಬಡವರ ಮಕ್ಕಳು ಇಂದಿಗೂ ಅಲ್ಲಿ ಕಸುಬು ಕಲಿಯುತ್ತಿದ್ದಾರೆ.